ಕೈಗೂ ಪಾಠ ಬೇಕು
(ಕೊಚ್ಚಿಯಲ್ಲಿ ಜರುಗಿದ ಸಂಘದ ವಿದ್ಯಾರ್ಥಿ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಹೆಚ್ಚು ಅಂಕ ಗಳಿಸಿದವರನ್ನು ಅಭಿನಂದಿಸುವ ಈ ಸಭೆಯಲ್ಲಿ ಅಂಕಪಟ್ಟಿಗೆ ಸೇರದ ಒಂದು ಕಲಿಕೆಯ ಕುರಿತು ಮಾತನಾಡಲು ತಮ್ಮ ಅಪ್ಪಣೆ ಬೇಡುತ್ತೇನೆ. ಅದು ಕೈಯಿಂದ ಮಾಡಿ ಕಲಿಯುವ ಕಲಿಕೆ; ಮುಂದಿನ ಉದ್ಯೋಗಕ್ಕೆ ಶಾಲೆಯಲ್ಲಿಯೇ ಹಾಕುವ ಬುನಾದಿ.

ಕೇಂದ್ರ ಸರ್ಕಾರದ ಸೇವೆಯ ನಿಮಿತ್ತ ನಾನು ತಿರುವನಂತಪುರದಲ್ಲಿಯೂ ಕೊಚ್ಚಿಯಲ್ಲಿಯೂ ಬಾಳಿದವನು. ಈ ಎರಡು ನಗರಗಳ ಕೀರ್ತಿಯ ಹಿಂದೆ ಪಳಗಿದ ಕೈಗಳಿವೆ. ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ 1963ರ ನವೆಂಬರ್ 21ರಂದು ನಮ್ಮ ನೆಲದ ಮೊದಲ ರಾಕೆಟ್ ಹಾರಿದಾಗ ಅಲ್ಲಿನ ಇಗರ್ಜಿಯ ಕಟ್ಟಡವೇ ಕಾರ್ಯಾಗಾರವಾಗಿತ್ತು. ರಾಕೆಟ್ಟಿನ ಭಾಗಗಳು ಸೈಕಲ್ಲಿನ ಮೇಲೆ ಸಾಗಿದವು. ಇಲ್ಲಿಯ ಹಡಗುಕಟ್ಟೆಯಲ್ಲಿ ನಿರ್ಮಾಣಗೊಂಡು 2022ರ ಸೆಪ್ಟೆಂಬರ್ 2ರಂದು ನೌಕಾದಳವನ್ನು ಸೇರಿದ ‘ವಿಕ್ರಾಂತ್’ ನೌಕೆಯಲ್ಲಿ ವಿನ್ಯಾಸಕಾರರ ಜಾಣ್ಮೆಯಷ್ಟೇ ವೆಲ್ಡರ್, ಫಿಟ್ಟರ್‌ಗಳ ಕುಶಲತೆಯೂ ಇದೆ. ಹೀಗಿದ್ದೂ ಮಗ ಫಿಟ್ಟರ್ ಆಗುತ್ತೇನೆಂದರೆ ನಮ್ಮ ಮನೆಗಳಲ್ಲಿ ಆ ರಾತ್ರಿ ಯಾರಿಗೂ ಊಟ ಸೇರುವುದಿಲ್ಲ.

ಈ ತಿರಸ್ಕಾರ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕಸುಬನ್ನು ಶಿಕ್ಷಣದ ಕೇಂದ್ರದಲ್ಲಿರಿಸಲು ಹೇಳಿದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದಲ್ಲಿ ತಮ್ಮದೇ ಪ್ರಯೋಗಗಳನ್ನು ನಡೆಸಿದರು. 1966ರಲ್ಲಿ ವರದಿ ನೀಡಿದ ಕೊಠಾರಿ ಆಯೋಗವು ಕಾರ್ಯಾನುಭವವನ್ನು ಶಾಲಾ ಶಿಕ್ಷಣದ ಅಂಗವಾಗಿಸಲು ಸೂಚಿಸಿತು. ಬಹುಪಾಲು ಶಾಲೆಗಳಲ್ಲಿ ಅದು ವಾರಕ್ಕೊಂದು ಅವಧಿಯ ಶಾಸ್ತ್ರವಾಗಿ ಮುಗಿಯಿತು.

ಕೈಕೆಲಸದ ಶಿಕ್ಷಣವನ್ನು ಸಂಶಯದಿಂದ ನೋಡಿದವರಿಗೂ ನ್ಯಾಯವಾದ ಕಾರಣವಿತ್ತೆಂಬುದನ್ನು ಮರೆಯಬಾರದು. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿ ರಾಜಾಜಿಯವರು ಗ್ರಾಮೀಣ ಪ್ರಾಥಮಿಕ ಶಾಲೆಯ ಅವಧಿಯನ್ನು ದಿನಕ್ಕೆ ಮೂರು ಗಂಟೆಗಿಳಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ತಂದೆಯ ಕಸುಬನ್ನು ಕಲಿಯಲಿ ಎಂಬ ಯೋಜನೆ ತಂದರು. ಆಗ ಮದರಾಸು ರಾಜ್ಯದಲ್ಲಿದ್ದ ದಕ್ಷಿಣ ಕನ್ನಡಕ್ಕೆ ಕಾಸರಗೋಡೂ ಸೇರಿತ್ತು. ಕುಂಬಾರನ ಮಗನನ್ನು ಕುಂಬಾರನಾಗಿಯೇ ಉಳಿಸುವ ಯೋಜನೆ ಇದು ಎಂದು ಜನ ಪ್ರತಿಭಟಿಸಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಅವರ ನಂತರ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಕುಂಬಾರನ ಮಗನಿಗೆ ಮಾತ್ರ ಮಣ್ಣು ಎಂದರೆ ಅದು ಸಂಕೋಲೆ. ಅಧಿಕಾರಿಯ ಮಗಳೂ ಕುಂಬಾರನ ಮಗನೂ ಒಂದೇ ಬೆಂಚಿನಲ್ಲಿ ಕುಳಿತು ಮಣ್ಣು ಕಲಸಿ, ಒಂದೇ ಗಣಿತವನ್ನು ಕಲಿತರೆ ಮಾತ್ರ ಅದು ಶಿಕ್ಷಣ.

ಈ ಅಳತೆಗೋಲಿನಿಂದ ಕೇರಳವನ್ನು ನೋಡೋಣ. 1983-84ರಲ್ಲಿ ಇಲ್ಲಿ ವೃತ್ತಿಪರ ಹೈಯರ್ ಸೆಕೆಂಡರಿ ಶಿಕ್ಷಣ 19 ಶಾಲೆಗಳಲ್ಲಿ ಆರಂಭವಾಯಿತು. ಬಳಿಕ ಅವುಗಳ ಸಂಖ್ಯೆ 389ಕ್ಕೆ ಏರಿತು. ಆದರೂ ಅನೇಕ ಪೋಷಕರ ಪಾಲಿಗೆ ಅದು ಬೇರೆಡೆ ಸೀಟು ಸಿಗದವರ ಆಸರೆಯಾಗಿಯೇ ಉಳಿದಿದೆ. ದೋಷ ಪಠ್ಯಕ್ರಮದ್ದಕ್ಕಿಂತ ಹೆಚ್ಚಾಗಿ ನಮ್ಮ ದೃಷ್ಟಿಯದು.

ಇನ್ನೊಂದು ಪ್ರಯತ್ನ ಹೆಚ್ಚು ಭರವಸೆ ತರುತ್ತದೆ. ತಿರುವನಂತಪುರದಲ್ಲಿ ಕೇಂದ್ರ ಕಚೇರಿಯುಳ್ಳ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯು 2018ರಲ್ಲಿ ಪ್ರೌಢಶಾಲೆಗಳಲ್ಲಿ ‘ಲಿಟ್ಲ್ ಕೈಟ್ಸ್’ ಕೂಟಗಳನ್ನು ತೆರೆಯಿತು. ಅಭಿರುಚಿ ಪರೀಕ್ಷೆಯಲ್ಲಿ ಆಯ್ಕೆಯಾದ ಮಕ್ಕಳು ಅಲ್ಲಿ ಅನಿಮೇಷನ್, ಪ್ರೋಗ್ರಾಮಿಂಗ್, ಇಲೆಕ್ಟ್ರಾನಿಕ್ಸ್ ಕಲಿತರು. ಮುಂದಿನ ಹೆಜ್ಜೆ ಇನ್ನೂ ದೊಡ್ಡದು: 2025ರ ಜೂನ್‌ನಿಂದ ರಾಜ್ಯ ಪಠ್ಯಕ್ರಮದ ಹತ್ತನೆಯ ತರಗತಿಯ ಪ್ರತಿಯೊಂದು ಮಗುವಿಗೂ ರೋಬೋಟಿಕ್ಸ್ ಪಾಠ ಬಂದಿದೆ. ಅದಕ್ಕಾಗಿ ಶಾಲೆಗಳಿಗೆ 29,000 ಕಿಟ್‌ಗಳು ಹಂಚಿಕೆಯಾದವು. ಆಯ್ದ ಕೆಲವರ ಕಲಿಕೆ ಎಲ್ಲರ ಕಲಿಕೆಯಾದದ್ದೇ ಇದರ ಮಹತ್ವ. ಈ ವಿಷಯದ ಪಠ್ಯಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳುಗಳ ಜತೆಗೆ ಕನ್ನಡದಲ್ಲಿಯೂ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಮೋಟಾರು ಹೇಗೆ ತಿರುಗುತ್ತದೆಂಬುದನ್ನು ತನ್ನ ನುಡಿಯಲ್ಲಿ ಓದಿ, ತನ್ನ ಕೈಯಿಂದ ತಿರುಗಿಸಬಲ್ಲದು.

ನಮ್ಮ ಮಕ್ಕಳ ಸ್ಥಿತಿ ಹೇಗಿದೆ? ವರ್ಗಾವಣೆಯ ಭಯದಿಂದ ನಾವು ಅವರನ್ನು ಕೇಂದ್ರೀಯ ಪಠ್ಯಕ್ರಮದ ಶಾಲೆಗಳಿಗೆ ಸೇರಿಸುತ್ತೇವೆ. ಎಂಟನೆಯ ತರಗತಿಯಿಂದಲೇ ಪ್ರವೇಶ ಪರೀಕ್ಷೆಯ ತರಬೇತಿಗೆ ಕಳುಹಿಸುತ್ತೇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯವರು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆನ್ನುತ್ತದೆ. ಆ ಹತ್ತು ದಿನ ‘ಪಾಠ ಹಾಳಾಯಿತು’ ಎಂದು ಶಾಲೆಗೆ ದೂರು ಕೊಡುವ ಪೋಷಕರನ್ನು ನಾನು ಕಂಡಿದ್ದೇನೆ. ಊರು ಬಿಟ್ಟು ಹೋಟೆಲಿನ ಒಲೆಯ ಮುಂದೆ ಕೆಲಸ ಕಲಿತು ಹೊರನಾಡಿನಲ್ಲಿ ನೆಲೆ ಕಂಡ ಹಿರಿಯರ ಪರಂಪರೆ ನಮ್ಮದು. ಅವರ ಮೊಮ್ಮಕ್ಕಳಿಗೆ ದೋಸೆಯ ಕಾವಲಿ ಹಿಡಿಯಲು ನಾಚಿಕೆಯಾದರೆ ಅದು ಯಾರು ಕಲಿಸಿದ ನಾಚಿಕೆ?

ಇದರಲ್ಲಿ ನುಡಿಯ ಹಿತವೂ ಇದೆ. ಹೊರನಾಡಿನ ಅನೇಕ ಮನೆಗಳಲ್ಲಿ ಮಕ್ಕಳ ಕನ್ನಡ ಊಟ-ತಿಂಡಿಯ ಮಾತಿಗೆ ಇಳಿದಿದೆ. ಉಳಿ, ಸುತ್ತಿಗೆ, ತಿರುಪು, ಬೆಸುಗೆ, ಹದ, ಒರೆ ಎಂಬ ಮಾತುಗಳು ನಿಘಂಟಿನಿಂದ ಬಾಯಿಗೆ ಬರಲಾರವು. ಕೆಲಸದ ನಡುವೆ ಬರುತ್ತವೆ.

ಆದ್ದರಿಂದ ಸಂಘದ ಮುಂದೆ ಎರಡು ಸಲಹೆಗಳನ್ನಿಡುತ್ತೇನೆ. ತಿಂಗಳಿಗೊಂದು ಭಾನುವಾರ ಈ ಸಭಾಂಗಣದಲ್ಲಿ ಮಕ್ಕಳ ಕಾರ್ಯಶಾಲೆ ನಡೆಯಲಿ. ನಮ್ಮಲ್ಲಿರುವ ಅಡುಗೆಯವರು, ಎಲೆಕ್ಟ್ರಿಶಿಯನ್ನರು, ದರ್ಜಿಗಳು, ಎಂಜಿನಿಯರರು ಗುರುಗಳಾಗಿ ಕನ್ನಡದಲ್ಲಿಯೇ ಕಲಿಸಲಿ. ಅಡುಗೆಯವರಿಗೂ ಎಂಜಿನಿಯರರಿಗೂ ಒಂದೇ ಗೌರವಧನ ಸಲ್ಲಲಿ. ಮುಂದಿನ ವರ್ಷ ಇದೇ ವೇದಿಕೆಯಲ್ಲಿ ಅಂಕಗಳಿಗೆ ಕೊಡುವ ಪುರಸ್ಕಾರದ ಪಕ್ಕದಲ್ಲಿ, ತಾನೇ ಒಂದು ವಸ್ತುವನ್ನು ಮಾಡಿ ತಂದ ಮಗುವಿಗೂ ಸಮಾನ ಮೊತ್ತದ ಪುರಸ್ಕಾರವಿರಲಿ. ಮೊದಲ ವರ್ಷದ ಪುರಸ್ಕಾರದ ಹಣವನ್ನು ನಾನು ಕೊಡುತ್ತೇನೆ. ಕಾರ್ಯಶಾಲೆಗೆ ಬೇಕಾದ ಉಪಕರಣಗಳನ್ನು ತಾವು ಒದಗಿಸಬೇಕೆಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.