ಕೈತುಂಬ ಕೆಲಸ, ಮುಗಿಯದ ಕೆಲಸ

ಈ ಮಾಲಿಕೆಗೆ ಬರುವ ಪತ್ರಗಳಲ್ಲಿ ಒಂದು ಅಳಲು ಪದೇ ಪದೇ ಕೇಳಿಬರುತ್ತದೆ. ಪೀಣ್ಯದಿಂದ ಬರೆದವರದೂ ಅದೇ, ಬಿಡದಿಯಿಂದ ಬರೆದವರದೂ ಅದೇ, ಬೆಳಗಾವಿಯ ಫೌಂಡ್ರಿಯಲ್ಲಿರುವವರದೂ ಅದೇ. "ನಮ್ಮಲ್ಲಿ ಲೀನ್ ಬಂದಿದೆ, ಲೈನು ಚೆನ್ನಾಗಿಯೇ ಓಡುತ್ತಿದೆ. ಇಂಜಿನಿಯರಾದ ನಾನು ಮಾತ್ರ ಬೆಳಗ್ಗೆಯಿಂದ ಕತ್ತಲಾಗುವವರೆಗೆ ಕೂರಲು ಪುರಸೊತ್ತಿಲ್ಲದೆ ಓಡಾಡಿದರೂ ಒಂದು ಕೆಲಸವೂ ಮುಗಿದಿರುವುದಿಲ್ಲ. ಸಮಯ ಹೊಂದಿಸಿಕೊಳ್ಳುವುದು ಹೇಗೆ?"

ಕಾರ್ಖಾನೆಯಲ್ಲಿ ಪೋಲು ತಪ್ಪಿಸುವ ಈ ಲೀನ್ ಪದ್ಧತಿಯಲ್ಲಿ ಕಾನ್‌ಬಾನ್ ಎಂದರೇನು, ಫೈವ್ ಎಸ್ ಎಂದರೇನು ಎಂದು ವಿವರಿಸಲು ನಾನಿಲ್ಲಿ ಹೋಗುವುದಿಲ್ಲ. ಅದು ನಿಮ್ಮ ಕ್ಯಾಂಟೀನಿನ ಗೋಡೆಯ ಮೇಲೂ ಬರೆದಿರುತ್ತದೆ. ಬೆಳಗ್ಗೆ ಬೇಗ ಏಳಿ, ಡೈರಿ ಬರೆಯಿರಿ, ಮೊಬೈಲಿಗೆ ಇಂಥ ಆ್ಯಪ್ ಹಾಕಿಕೊಳ್ಳಿ ಎಂಬ ಉಪದೇಶವೂ ನನ್ನಿಂದ ಬರುವುದಿಲ್ಲ. ಡೈರಿಯಲ್ಲಿ ಹದಿನೆಂಟು ಕೆಲಸ ಬರೆದುಕೊಂಡವನಿಗೆ ಹದಿನೆಂಟು ಕೆಲಸ ಬಾಕಿ ಇವೆ ಎಂದು ಗೊತ್ತಾಗುತ್ತದೆ, ಅಷ್ಟೇ.

ತೊಂದರೆಯ ಬೇರು ಬೇರೆ ಕಡೆ ಇದೆ. ಲೈನಿಗೆ ಹಾಕುವ ಲೆಕ್ಕವನ್ನೇ ಇಂಜಿನಿಯರನ ಮೇಜಿಗೂ ಹಾಕುತ್ತಿದ್ದೇವೆ. ಮೆಷಿನ್ ಖಾಲಿ ನಿಂತರೆ ನಷ್ಟ, ಹಾಗಾಗಿ ಇಂಜಿನಿಯರ್ ಖಾಲಿ ಕೂತರೂ ನಷ್ಟ, ಅವನ ದಿನವನ್ನು ನೂರಕ್ಕೆ ನೂರು ತುಂಬಬೇಕು. ಈ ನಂಬಿಕೆ ಎಷ್ಟು ಗಟ್ಟಿ ಎಂದರೆ, ಡ್ರಾಯಿಂಗ್ ಮುಂದಿಟ್ಟುಕೊಂಡು ಯೋಚಿಸುತ್ತ ಕೂತ ಹುಡುಗನನ್ನು ಕಂಡರೆ ಕೆಲವು ಮ್ಯಾನೇಜರುಗಳಿಗೆ ಸಹಿಸಲಾಗುವುದಿಲ್ಲ. "ಏನಪ್ಪ, ಫ್ರೀ ಇದೀಯಾ?" ಎನ್ನುತ್ತಲೇ ಇನ್ನೊಂದು ಕೆಲಸ ಅಂಟಿಸುತ್ತಾರೆ.

ಈ ನೂರಕ್ಕೆ ನೂರು ಏನು ಮಾಡುತ್ತದೆ ನೋಡೋಣ. ಒಂದೇ ಕುರ್ಚಿಯ ಒಂದು ಕಟಿಂಗ್ ಶಾಪ್ ಇದೆ ಎಂದುಕೊಳ್ಳಿ. ತಲೆಗೆ ಸರಾಸರಿ 20 ನಿಮಿಷ ಹಿಡಿಯುತ್ತದೆ. ಸರಾಸರಿ ಎಂದರೆ, ಚಿಕ್ಕ ಹುಡುಗನದು ಹತ್ತೇ ನಿಮಿಷಕ್ಕೆ ಮುಗಿಯುತ್ತದೆ, ಯಜಮಾನರೊಬ್ಬರಿಗೆ ಶೇವಿಂಗೂ ಆಗಬೇಕು, ಎಣ್ಣೆ ಹಾಕಿ ತಲೆಯನ್ನೂ ತಿಕ್ಕಬೇಕು. ಗಿರಾಕಿಗಳೂ ಗಡಿಯಾರ ನೋಡಿಕೊಂಡು ಬರುವವರಲ್ಲ. ಈಗ ಲೆಕ್ಕ ಹಾಕಿ. ಕುರ್ಚಿಗೆ ಅರ್ಧ ಹೊತ್ತು ಮಾತ್ರ ಕೆಲಸವಿದ್ದರೆ ಬಂದವರು ಸರಾಸರಿ 20 ನಿಮಿಷ ಕಾಯುತ್ತಾರೆ. ನೂರಕ್ಕೆ 80 ತುಂಬಿದರೆ 80 ನಿಮಿಷ. 90 ತುಂಬಿದರೆ ಮೂರು ಗಂಟೆ. 95 ತುಂಬಿದರೆ ಆರು ಗಂಟೆಗೂ ಮೇಲೆ. ಕೊನೆಯ ಹೆಜ್ಜೆಯಲ್ಲಿ ನೀವು ಹೆಚ್ಚಿಗೆ ಹೇರಿದ್ದು ಬರೀ ಐದು, ಕಾಯುವ ಹೊತ್ತು ಮಾತ್ರ ಎರಡು ಪಟ್ಟಿಗೂ ಮಿಕ್ಕಿತು. ನೂರು ಮುಟ್ಟಿದರೆ ಸಾಲಿಗೆ ಕೊನೆಯೇ ಇಲ್ಲ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬುವರು 1909ರಲ್ಲೇ ಇಂಥ ಸಾಲುಗಳ ಗಣಿತ ಶುರು ಮಾಡಿದ್ದರು. ಏರುಪೇರು ಹೆಚ್ಚಿದಂತೆ ಕಾಯುವಿಕೆ ಎಷ್ಟು ಬೆಳೆಯುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಜಾನ್ ಕಿಂಗ್‌ಮನ್ 1961ರಲ್ಲಿ ಒಂದು ಸೂತ್ರ ಕೊಟ್ಟರು. ನಮ್ಮ ಇಂಜಿನಿಯರಿಂಗ್ ಹುಡುಗರು ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡುತ್ತಾರೆ, ಕೆಲಸಕ್ಕೆ ಸೇರಿದ ಮರುದಿನ ಮರೆಯುತ್ತಾರೆ.

ಹೀಗೇಕೆ ಆಗುತ್ತದೆ? ಬೆಳಗ್ಗೆ ಯಾರೂ ಬರದೆ ಖಾಲಿ ಹೋದ ಅರ್ಧ ಗಂಟೆಯನ್ನು ಡಬ್ಬಿಯಲ್ಲಿ ತುಂಬಿಡಲು ಬರುವುದಿಲ್ಲ. ಮಧ್ಯಾಹ್ನ ಮೂವರು ಒಟ್ಟಿಗೆ ಬಂದಾಗ ಆ ಅರ್ಧ ಗಂಟೆ ನೆರವಿಗೆ ಬಾರದು. ಹೀಗೆ ಬೆಳೆದ ಸಾಲು ಕರಗಬೇಕಾದರೆ ಮುಂದೆಲ್ಲೋ ಬಿಡುವು ಸಿಗಬೇಕು. ದಿನವಿಡೀ ತುಂಬಿದ್ದರೆ ಆ ಬಿಡುವೇ ಇಲ್ಲ. ಮಂಗಳವಾರದ ಬಾಕಿ ಬುಧವಾರಕ್ಕೆ, ಬುಧವಾರದ್ದು ಮುಂದಿನ ವಾರಕ್ಕೆ. ಇನ್ನೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ದಿನ ತುಂಬಿದಷ್ಟೂ ಕೆಲಸ ಬೇಗ ಮುಗಿಯುವುದಿಲ್ಲ, ತಡವಾಗುತ್ತದೆ. ಕಟಿಂಗ್ ಶಾಪಿನಲ್ಲಿ ಯಾರೂ ಆರು ಗಂಟೆ ಕೂರುವುದಿಲ್ಲ, ಎದ್ದು ಬೇರೆ ಅಂಗಡಿಗೆ ಹೋಗುತ್ತಾರೆ. ನಿಮ್ಮ ಮೇಜಿನ ಡ್ರಾಯಿಂಗಿಗೆ ಕಾಲಿಲ್ಲ, ಅದು ಅಲ್ಲೇ ಬಿದ್ದಿರುತ್ತದೆ.

"ಹಾಗಾದರೆ ಲೈನು ಹೇಗೆ ನಡೆಯುತ್ತದೆ ಸಾರ್?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಲೈನಿನಲ್ಲಿ ಏರುಪೇರನ್ನು ಬಡಿದು ಸಮ ಮಾಡಿರುತ್ತಾರೆ. ಇಷ್ಟು ಸೆಕೆಂಡಿಗೊಂದು ಗಾಡಿ, ಆ ಸ್ಟೇಷನ್ನಿನಲ್ಲಿ ಅದೇ ಬೋಲ್ಟು, ಅದೇ ಟಾರ್ಕು. ಇಂಜಿನಿಯರನ ಮೇಜಿಗೆ ಒಂದು ಗಳಿಗೆ ಹತ್ತು ನಿಮಿಷದ ಸಹಿ ಬರುತ್ತದೆ, ಮರುಗಳಿಗೆ ಮೂರು ದಿನ ತಲೆ ತಿನ್ನುವ ರಿಜೆಕ್ಷನ್ ಬರುತ್ತದೆ. ಎರಡಕ್ಕೂ ಒಂದೇ ಲೆಕ್ಕ ಹೇಗೆ ಹೊಂದೀತು?

ಇನ್ನು ಲೀನ್ ಎಂದರೆ ಒಬ್ಬರನ್ನೂ ಬಿಡುವಾಗಿರಲು ಬಿಡಬಾರದು ಎನ್ನುವವರು ಆ ಪದ್ಧತಿ ಹುಟ್ಟಿದ ಮನೆಯನ್ನೇ ನೋಡಲಿ. ಟೊಯೋಟಾದ ಲೈನಿನಲ್ಲಿ ನಾಲ್ಕೈದು ಜನರಿಗೊಬ್ಬ ಟೀಮ್ ಲೀಡರ್ ಇರುತ್ತಾನೆ. ಸಾಮಾನ್ಯವಾಗಿ ಅವನಿಗೆ ಖಾಯಂ ಸ್ಟೇಷನ್ ಕೊಡುವುದಿಲ್ಲ. ಯಾರಾದರೂ ತೊಂದರೆ ಕಂಡು ಆಂಡಾನ್ ಮೂಲಕ ಕರೆದರೆ ಓಡಿಹೋಗಲು ಅವನ ಕೈ ಖಾಲಿ ಇರಬೇಕು. ಈ ಪದ್ಧತಿಯನ್ನು ಕಟ್ಟಿದ ತಾಯಿಚಿ ಓನೊ ಪೋಲಾಗುವುದನ್ನು ತಪ್ಪಿಸಿ ಎಂದದ್ದು ನಿಜ. ಅದರ ಜೊತೆಗೇ ಏರುಪೇರನ್ನೂ ಅತಿಭಾರವನ್ನೂ ತಪ್ಪಿಸಿ ಎನ್ನುತ್ತದೆ ಆ ಪದ್ಧತಿ. ನಮ್ಮ ಗೋಡೆಗಳ ಮೇಲೆ ಬಂದು ಕೂತದ್ದು ಮೊದಲನೆಯದು ಮಾತ್ರ. ಉಳಿದೆರಡು ಮ್ಯಾನೇಜರುಗಳಿಗೆ ಅನುಕೂಲವಾಗಲಿಲ್ಲ ಅಂತ ಕಾಣುತ್ತದೆ.

ಅತಿಭಾರಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ಮಿಲ್ಲಿಂಗ್ ಫಿಕ್ಸ್ಚರ್ ಒಂದರ ಕ್ಲ್ಯಾಂಪು ಸವೆದು ಜಾಬು ಅಲುಗಾಡುತ್ತಿತ್ತು. ಆಪರೇಟರ್ ಹಿತ್ತಾಳೆ ಹಾಳೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಅಡಿಗೆ ಪ್ಯಾಕಿಂಗ್ ಕೊಡುತ್ತಿದ್ದ. ಪ್ರತಿ ಪೀಸಿಗೂ ಅದನ್ನು ತೆಗೆದು, ಚಿಪ್ಸ್ ಊದಿ, ಒರೆಸಿ, ಮತ್ತೆ ಇಡಬೇಕು. ಆ ತುಂಡಿನ ಅಂಚು ಅವನ ಬೆರಳಿನಿಂದಲೇ ನಯವಾಗಿ ಹೊಳೆಯುತ್ತಿತ್ತು. ಕ್ಲ್ಯಾಂಪಿನ ಡ್ರಾಯಿಂಗ್ ತಿದ್ದಲು ಒಂದು ಗಂಟೆ ಸಾಕಿತ್ತು. ಆ ಕಾಗದ ಇಂಜಿನಿಯರನ ಟ್ರೇಯಲ್ಲಿ ವಾರಗಟ್ಟಲೆ ಮಲಗಿತ್ತು. ಆ ಇಂಜಿನಿಯರ್ ಸೋಮಾರಿಯಲ್ಲ, ಇಡೀ ವಿಭಾಗದಲ್ಲಿ ಅವನಷ್ಟು ದುಡಿಯುವವನು ಇನ್ನೊಬ್ಬ ಇರಲಿಲ್ಲ. ಅದೇ ಕಾರಣಕ್ಕೆ ಎಲ್ಲ ಕೆಲಸವೂ ಅವನ ಟ್ರೇಗೇ ಬಂದು ಬೀಳುತ್ತಿತ್ತು.

ಜಾನ್ ಲಿಟಲ್ ಎಂಬ ಅಮೆರಿಕನ್ 1961ರಲ್ಲೇ ಸಾಧಿಸಿ ತೋರಿಸಿದ ಇನ್ನೊಂದು ಲೆಕ್ಕವೂ ಇದೆ. ಸುಲಭದ ಲೆಕ್ಕ. ವಾರಕ್ಕೆ ಎರಡು ಕೆಲಸ ಮುಗಿಸುವವನ ಕೈಯಲ್ಲಿ ಸದಾ ಹತ್ತು ಕೆಲಸ ಇದ್ದರೆ, ಒಂದೊಂದಕ್ಕೂ ಸರಾಸರಿ ಐದು ವಾರ. ಕೈಯಲ್ಲಿ ನಾಲ್ಕೇ ಇಟ್ಟುಕೊಂಡರೆ ಎರಡು ವಾರ. ದುಡಿಮೆ ಅಷ್ಟೇ, ವೇಗವೂ ಅಷ್ಟೇ. ಎಲ್ಲವನ್ನೂ "ಶುರು ಮಾಡಿದೀನಿ ಸಾರ್" ಎನ್ನುವವನನ್ನು ಚುರುಕಿನವನು ಅಂದುಕೊಳ್ಳುತ್ತೇವೆ. ಶುರು ಮಾಡಿದ ಕೆಲಸದಿಂದ ಡಿಸ್ಪ್ಯಾಚಿಗೆ ಏನೂ ಹೋಗುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ. ಲೀನಿನಲ್ಲಿ ಒಂದೊಂದೇ ಪೀಸ್ ಹರಿಯಬೇಕಲ್ಲವೇ, ಹಾಗಾಗಿ ಬಂದ ಫೋನು, ಬಂದ ವಾಟ್ಸ್ಆ್ಯಪ್ ಎಲ್ಲಕ್ಕೂ ಆಗಿಂದಾಗಲೇ ಉತ್ತರ ಕೊಡಬೇಕು ಎನ್ನುತ್ತಾರೆ. ಒಂದೊಂದೇ ಪೀಸ್ ಎಂದರೆ ಒಂದು ಮುಗಿದ ಮೇಲೆ ಇನ್ನೊಂದು ಎಂದು. ಅದು ಮೆಷಿನ್ನಿನಲ್ಲಿ ಸಾಧ್ಯವಾದದ್ದು ಸೆಟ್ಟಿಂಗ್ ಹೊತ್ತನ್ನು ಇಳಿಸಿದ್ದರಿಂದ. 1969ರಲ್ಲಿ ಶಿಗೆಯೊ ಶಿಂಗೊ ಟೊಯೋಟಾದಲ್ಲಿ ಸಾವಿರ ಟನ್ನಿನ ಪ್ರೆಸ್ಸಿನ ಡೈ ಬದಲಿಸುವುದನ್ನು ನಾಲ್ಕು ಗಂಟೆಯಿಂದ ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ತಂದರು. ಮನುಷ್ಯನ ತಲೆಗೆ ಅಂಥ ಡೈ ಬದಲಿಸುವ ಉಪಾಯ ಯಾರಿಗೂ ಸಿಕ್ಕಿಲ್ಲ. ರಿಜೆಕ್ಷನ್ನಿನ ಮೂಲ ಹುಡುಕುತ್ತಿದ್ದವನು ಒಂದು ಫೋನಿಗೆ ಎದ್ದು ಬಂದರೆ, ಎಲ್ಲಿದ್ದೆ ಎಂದು ನೆನಪಿಸಿಕೊಳ್ಳುವುದರಲ್ಲೇ ಟೀ ಹೊತ್ತು ಬಂದಿರುತ್ತದೆ.

ಲೆಕ್ಕ ಹೇಳುವುದರಲ್ಲೇ ನನ್ನ ಪಾಲಿನ ಸಮಯ ಕರಗಿತು, ಉಪಾಯಗಳನ್ನು ಬೇಗ ಹೇಳಿಬಿಡುತ್ತೇನೆ. ಕೈಯಲ್ಲಿ ಮೂರಕ್ಕಿಂತ ಹೆಚ್ಚು ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ. ದಿನದಲ್ಲಿ ಒಂದೂವರೆ, ಎರಡು ಗಂಟೆ ಏನನ್ನೂ ಗೊತ್ತು ಮಾಡದೆ ಬಿಡಿ, ಅದನ್ನು ತುಂಬಲು ಲೈನೇ ಏನಾದರೂ ಕಳಿಸುತ್ತದೆ. ಯೋಚಿಸುವ ಕೆಲಸಕ್ಕೆ ಮಾರ್ನಿಂಗ್ ಮೀಟಿಂಗ್ ಆದ ಮೇಲೆ ಒಂದು ಹೊತ್ತು ಕಟ್ಟಿಕೊಳ್ಳಿ. ಆ ಹೊತ್ತಿನಲ್ಲಿ ಲೈನ್ ನಿಂತರೆ ಮಾತ್ರ ಕರೆಯಿರಿ ಎಂದು ಸೂಪರ್‌ವೈಸರಿಗೆ ಹೇಳಿಡಿ. ಬಾಕಿ ಕೆಲಸಗಳನ್ನು ಬಂದ ತಾರೀಖಿನ ಸಮೇತ ಎಲ್ಲರಿಗೂ ಕಾಣುವ ಬೋರ್ಡಿಗೆ ಹಾಕಿ. ನಾಲ್ಕನೆಯ ಕೆಲಸ ಬಂದಾಗ ಆಗುವುದಿಲ್ಲ ಎನ್ನಬೇಡಿ. "ಸಾರ್, ಈ ಮೂರರಲ್ಲಿ ಯಾವುದನ್ನು ಕೆಳಗಿಡಲಿ?" ಎಂದು ಕೇಳಿ.

ಮ್ಯಾನೇಜರುಗಳು ಯಾರಾದರೂ ಕೇಳುತ್ತಿದ್ದರೆ ಅವರಲ್ಲಿ ಒಂದು ವಿನಂತಿ. ಆ ಪ್ರಶ್ನೆಗೆ "ಎಲ್ಲವೂ ಅರ್ಜೆಂಟು" ಎಂದು ಉತ್ತರ ಕೊಡಬೇಡಿ. ಯಾವುದು ಮೊದಲು ಎಂದು ತೀರ್ಮಾನಿಸುವುದು ನಿಮ್ಮ ಕೆಲಸ, ಅದಕ್ಕೇ ಆ ಕುರ್ಚಿ ಕೊಟ್ಟಿರುವುದು.