ರೆಸ್ಯೂಮ್‌ನಲ್ಲಿ ನೀವು ಎಲ್ಲಿದ್ದೀರಿ?

(ಪಿಯುಸಿ ಮತ್ತು ಪದವಿ ಮುಗಿಸಿದವರಿಗಾಗಿ ಹಾಗೂ ಅವರ ಹೆತ್ತವರಿಗಾಗಿ ಏರ್ಪಡಿಸಿದ್ದ ಉದ್ಯೋಗ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿಮಾನ ಸಂಸ್ಥೆಗಳ ಕ್ಯಾಬಿನ್ ಸಿಬ್ಬಂದಿಯ ಕೆಲಸಕ್ಕೆ ರೆಸ್ಯೂಮ್ ಬರೆಯುವುದು ಹೇಗೆ ಎಂಬ ವಿಷಯವನ್ನು ಸಂಘಟಕರು ನಮಗೆ ವಹಿಸಿದ್ದಾರೆ. ವಿಷಯವನ್ನು ಪ್ರಕಟಿಸಿದಾಗ ಮುಂದಿನ ಸಾಲಿನ ಹಿರಿಯರೊಬ್ಬರ ಹುಬ್ಬು ಗಂಟಿಕ್ಕಿದ್ದನ್ನು ನಾವು ಕಂಡೆವು. ಅವರ ಪ್ರಶ್ನೆ ಏನೆಂದು ನಮಗೆ ಗೊತ್ತು. ಅದಕ್ಕೆ ಕೊನೆಯಲ್ಲಿ ಬರುತ್ತೇವೆ. ಮೊದಲು ಒಂದು ಘಟನೆ.

ಕೆಲವು ತಿಂಗಳ ಹಿಂದೆ ನಾಲ್ವರು ಯುವಕ ಯುವತಿಯರು ತಮ್ಮ ರೆಸ್ಯೂಮ್‌ಗಳನ್ನು ತಿದ್ದಿಸಿಕೊಳ್ಳಲು ನಮ್ಮ ಕಚೇರಿಗೆ ಬಂದಿದ್ದರು. ನಾಲ್ವರೂ ನಗರದ ಒಂದೇ ತರಬೇತಿ ಕೇಂದ್ರದಲ್ಲಿ ಕಲಿತವರು. ನಾಲ್ಕೂ ರೆಸ್ಯೂಮ್‌ಗಳು ಮೂರು ಮೂರು ಪುಟ, ನಾಲ್ಕರಲ್ಲೂ ಮೊದಲ ಸಾಲು ಒಂದೇ: ಪ್ರತಿಷ್ಠಿತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ ಪಡೆದು ಸಂಸ್ಥೆಯ ಏಳಿಗೆಗೆ ದುಡಿಯುವುದೇ ನನ್ನ ಗುರಿ. ಒಬ್ಬನಂತೂ ಕೊನೆಯ ಘೋಷಣೆಯ ಕೆಳಗೆ ಗೆಳೆಯನ ಹೆಸರನ್ನು ಅಳಿಸಲೂ ಮರೆತಿದ್ದ! ಈ ಕಾಗದಕ್ಕಾಗಿ ಅವರ ಹೆತ್ತವರು ಒಂದು ಲಕ್ಷಕ್ಕೂ ಮಿಕ್ಕಿದ ಶುಲ್ಕ ತೆತ್ತಿದ್ದರು.

ಅವರಲ್ಲೊಬ್ಬಳು ಪಿಯುಸಿಯ ಬಳಿಕ ಅಂಚೆ ಮೂಲಕ ಬಿ.ಎ. ಮಾಡುತ್ತಾ ಎರಡು ವರ್ಷ ಖಾಸಗಿ ಆಸ್ಪತ್ರೆಯೊಂದರ ಕೌಂಟರಿನಲ್ಲಿ ದುಡಿದವಳು. ಮೂರನೆಯ ಪುಟದ ಕೊನೆಯಲ್ಲಿ, ಹವ್ಯಾಸಗಳ ಕೆಳಗೆ, ಆ ಎರಡು ವರ್ಷ ಒಂದೇ ಸಾಲಿನಲ್ಲಿ ಮುದುಡಿ ಕುಳಿತಿತ್ತು. ಅಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದೆವು. "ಏನಿಲ್ಲ ಸರ್, ಚೀಟಿ ಬರೆಯುವುದು" ಎಂದಳು. ಕೆದಕಿದಾಗ ವಿಷಯ ಹೊರಬಂತು. ಒಂದು ಮಳೆಗಾಲದ ಸಂಜೆ ಬಸ್ಸು ಮಗುಚಿ ಹತ್ತಾರು ಗಾಯಾಳುಗಳು ಒಮ್ಮೆಲೇ ಬಂದಿದ್ದರು. ಹೊರಗೆ ಸಂಬಂಧಿಕರ ಕೂಗಾಟ. ಕೌಂಟರಿನಲ್ಲಿ ಈಕೆ ಮತ್ತು ಇನ್ನೊಬ್ಬಳು ಮಾತ್ರ. ಗಾಯಾಳುಗಳ ಹೆಸರು ಬರೆದುಕೊಂಡು, ಜನರನ್ನು ಬಾಗಿಲಿನಿಂದ ದೂರ ಸರಿಸಿ, ಒಬ್ಬರೊಡನೆ ತುಳುವಿನಲ್ಲಿ, ಇನ್ನೊಬ್ಬರೊಡನೆ ಬ್ಯಾರಿಯಲ್ಲಿ, ಮತ್ತೊಬ್ಬರೊಡನೆ ಮಲಯಾಳದಲ್ಲಿ ಮಾತನಾಡಿ, ರಕ್ತ ಕೊಡುವವರನ್ನು ಹುಡುಕಿ ಕಳುಹಿಸಿದ್ದಳು. ಇಷ್ಟು ಹೇಳಿದ ಮೇಲೆ ಆಕೆ ನಮ್ಮನ್ನೇ ಕೇಳಿದಳು: "ಇದನ್ನೆಲ್ಲ ಬರೆಯಬಹುದಾ ಸರ್?"

ಪ್ರಿಯರೇ, ನಮ್ಮ ಇಂದಿನ ಮಾತೆಲ್ಲವೂ ಈ ಪ್ರಶ್ನೆಯ ಸುತ್ತಲೇ ಇದೆ.

ಪತ್ರಿಕೆಗಳು ಈ ಉದ್ಯೋಗಕ್ಕೆ 'ಗಗನಸಖಿ' ಎಂಬ ಅಂದದ ಪದವನ್ನು ಕೊಟ್ಟವು. ಪದ ಅಂದವಾಗಿದೆ, ಆದರೆ ಅದು ಎರಡು ಸತ್ಯಗಳನ್ನು ಮರೆಮಾಚುತ್ತದೆ. ಒಂದು, ಈ ಕೆಲಸದಲ್ಲಿ ಪುರುಷರೂ ಇದ್ದಾರೆ. ಎರಡು, ಇದು ವಸ್ತುತಃ ಸುರಕ್ಷತೆಯ ಉದ್ಯೋಗ. ಸುಮಾರು 180 ಆಸನಗಳ ಏರ್‌ಬಸ್ ಎ-320 ವಿಮಾನದಲ್ಲಿ ಸಾಮಾನ್ಯವಾಗಿ ನಾಲ್ವರು ಕ್ಯಾಬಿನ್ ಸಿಬ್ಬಂದಿ ಇರುತ್ತಾರೆ. ಪ್ರಯಾಣಿಕರಿಗೆ ಊಟ ಹಂಚಲು ನಾಲ್ವರು ಬೇಕೆಂದು ಮಾಡಿದ ಲೆಕ್ಕವಲ್ಲ ಅದು, ಪ್ರಾಣಾಪಾಯದ ವೇಳೆ ಜನರನ್ನು ಹೊರಗೆ ಕಳುಹಿಸಲು ಬೇಕಾದವರ ಲೆಕ್ಕ. ಅರ್ಧದಷ್ಟು ಬಾಗಿಲುಗಳು ಮಾತ್ರ ತೆರೆದರೂ ತುಂಬಿದ ವಿಮಾನವನ್ನು 90 ಸೆಕೆಂಡುಗಳೊಳಗೆ ಖಾಲಿ ಮಾಡಲು ಸಾಧ್ಯವೆಂದು ತೋರಿಸಿದ ಮೇಲೆಯೇ ದೊಡ್ಡ ವಿಮಾನದ ಮಾದರಿಗೆ ಮಾನ್ಯತೆ ಸಿಗುತ್ತದೆ.

2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನವೊಂದು ಇಳಿಯುವಾಗ ರನ್‌ವೇಯಲ್ಲಿದ್ದ ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ ಅಪ್ಪಳಿಸಿ ಹೊತ್ತಿ ಉರಿಯಿತು. ಒಳಗಿನ ಧ್ವನಿವರ್ಧಕ ವ್ಯವಸ್ಥೆ ಕೆಟ್ಟಿತ್ತು. ಸಿಬ್ಬಂದಿ ಮೆಗಾಫೋನ್ ಹಿಡಿದು, ಗಂಟಲು ಹರಿಯುವಂತೆ ಕೂಗಿ, ಬೆಂಕಿಯಿಲ್ಲದ ಬಾಗಿಲುಗಳನ್ನಷ್ಟೇ ತೆರೆದು ಜನರನ್ನು ಇಳಿಸಿದರು. ಆ ವಿಮಾನದ 379 ಮಂದಿಯೂ ಬದುಕುಳಿದರು. ಇನ್ನು 2010ರ ಮೇ 22ನ್ನು ಈ ಜಿಲ್ಲೆಯವರಿಗೆ ನಾವು ನೆನಪಿಸಬೇಕಾಗಿಲ್ಲ. ದುಬೈಯಿಂದ ಬಂದ ಆ ವಿಮಾನದಲ್ಲಿ 158 ಮಂದಿ ಮೃತಪಟ್ಟರು, ಎಂಟು ಮಂದಿ ಉಳಿದರು. ಮೃತರಲ್ಲಿ ಆ ವಿಮಾನದ ನಾಲ್ವರು ಕ್ಯಾಬಿನ್ ಸಿಬ್ಬಂದಿಯೂ ಇದ್ದರು. ನಾವು ನಮ್ಮವರನ್ನು ಎಣಿಸಿಕೊಂಡೆವು. ಅವರನ್ನು ಎಣಿಸಿದೆವೆಯೇ?

ಹೀಗಿರುವಾಗ, ರೆಸ್ಯೂಮ್ ಕೈಗೆತ್ತಿಕೊಳ್ಳುವ ಅಧಿಕಾರಿ ಏನನ್ನು ಹುಡುಕುತ್ತಾನೆ? ಗದ್ದಲದ ನಡುವೆ ಈಕೆಯ ತಲೆ ಕೆಡುವುದಿಲ್ಲವೇ, ಈತ ಸಿಟ್ಟಿಗೆದ್ದ ಮನುಷ್ಯನನ್ನು ಸಮಾಧಾನಪಡಿಸಬಲ್ಲನೇ, ಹೇಳಿದ ಹೊತ್ತಿಗೆ ಬರುವವನೇ ಎಂಬುದನ್ನು. ಆಸ್ಪತ್ರೆಯ ಕೌಂಟರ್, ಬಟ್ಟೆ ಅಂಗಡಿ, ಮಾವನ ಹೋಟೆಲ್, ಮೊಬೈಲ್ ಅಂಗಡಿ ಇವೆಲ್ಲ ಈ ಗುಣಗಳನ್ನು ಕಲಿಸುವ ಶಾಲೆಗಳು. ಎಮಿರೇಟ್ಸ್‌ನಂತಹ ಸಂಸ್ಥೆ ಕೇಳುವುದಾದರೂ ಏನು? 21 ವರ್ಷ ತುಂಬಿರಬೇಕು, 12ನೇ ತರಗತಿ ಮುಗಿದಿರಬೇಕು, ಇಂಗ್ಲಿಷ್ ಸರಾಗವಾಗಿರಬೇಕು, ಗ್ರಾಹಕ ಸೇವೆಯಲ್ಲಿ ಕನಿಷ್ಠ ಒಂದು ವರ್ಷದ ಅನುಭವವಿರಬೇಕು. 160 ಸೆಂಟಿಮೀಟರ್ ಎತ್ತರವಿರಬೇಕು, ತುದಿಗಾಲಲ್ಲಿ ನಿಂತಾಗ ಕೈ 212 ಸೆಂಟಿಮೀಟರ್ ಮುಟ್ಟಬೇಕು. ಸುರಕ್ಷಾ ಸಾಮಗ್ರಿಗಳು ಮೇಲಿನ ಕಪಾಟಿನಲ್ಲಿರುವುದೇ ಇದಕ್ಕೆ ಕಾರಣ. ಈ ಪಟ್ಟಿಯಲ್ಲಿ ವಿಮಾನಯಾನ ಡಿಪ್ಲೊಮಾ ಎಲ್ಲಿದೆ? ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ತುರ್ತು ನಿರ್ಗಮನ ಇವನ್ನೆಲ್ಲ ಆಯ್ಕೆಯಾದ ಬಳಿಕ ವಿಮಾನ ಸಂಸ್ಥೆಯೇ ಕಲಿಸುತ್ತದೆ. ಹೆತ್ತವರು ಸಾಲ ಮಾಡುವ ಮೊದಲು ಈ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಡಬೇಕು. ಇಂಗ್ಲಿಷ್ ಮಾತು ತಿದ್ದಿಕೊಳ್ಳಲು ಒಳ್ಳೆಯ ಶಿಕ್ಷಕರ ಬಳಿ ಹೋಗಿ, ಅದಕ್ಕೆ ದುಡ್ಡು ಕೊಡಿ, ನಮ್ಮ ಅಭ್ಯಂತರವಿಲ್ಲ. ಆದರೆ ನೇಮಕಾತಿ ಮಾಡಿಸಿಕೊಡುತ್ತೇನೆಂದು ಹಣ ಕೇಳುವವನಿಗೆ ಬಾಗಿಲು ತೋರಿಸಿ. ಹೆಸರಾಂತ ಯಾವ ವಿಮಾನ ಸಂಸ್ಥೆಯೂ ಅಭ್ಯರ್ಥಿಯಿಂದ ನೇಮಕಾತಿ ಶುಲ್ಕ ಪಡೆಯುವುದಿಲ್ಲ.

ಇನ್ನು ಬರೆಯುವ ಕ್ರಮ. ಒಂದೇ ಪುಟ ಸಾಕು. ಮೊದಲ ಸಾಲಿನ 'ಗುರಿ'ಯನ್ನು ಹೊಡೆದುಹಾಕಿ. ಅದರ ಬದಲಿಗೆ ನೀವು ಯಾರೆಂದು ಎರಡು ಸಾಲಿನಲ್ಲಿ ಹೇಳಿ: ಇಷ್ಟು ವರ್ಷ ಆಸ್ಪತ್ರೆಯ ಕೌಂಟರಿನಲ್ಲಿ ದುಡಿದಿದ್ದೇನೆ, ಇಷ್ಟು ಭಾಷೆಗಳಲ್ಲಿ ಜನರೊಡನೆ ವ್ಯವಹರಿಸಬಲ್ಲೆ. ಎತ್ತರ, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ಇದೆ ಎಂಬ ವಿವರ ಮೇಲೆಯೇ ಇರಲಿ. ಅನಂತರ ಕೆಲಸದ ಅನುಭವ, ಆಮೇಲೆ ಓದು. 'ಗ್ರಾಹಕ ಸೇವೆಯಲ್ಲಿ ನಿಪುಣೆ' ಎಂದು ಬರೆದರೆ ಅದು ಗಾಳಿಮಾತು. ಯಾವ ಪಾಳಿ, ದಿನಕ್ಕೆ ಎಷ್ಟು ಜನ, ಹಣದ ಲೆಕ್ಕ ಯಾರ ಕೈಯಲ್ಲಿತ್ತು, ಆ ಮಳೆಗಾಲದ ಸಂಜೆ ಏನು ಮಾಡಿದೆ ಎಂದು ಬರೆದರೆ ಅದು ಪುರಾವೆ. ಬಣ್ಣದ ಚೌಕಟ್ಟುಗಳನ್ನು ಬಿಟ್ಟುಬಿಡಿ. ಅರ್ಜಿಗಳನ್ನು ಈಗ ಮೊದಲು ಜರಡಿ ಹಿಡಿಯುವುದು ಬಹಳಷ್ಟು ಕಡೆ ಕಂಪ್ಯೂಟರು, ಅದಕ್ಕೆ ನೇರ ಸಾಲುಗಳೇ ಇಷ್ಟ. ಕೃತಕ ಬುದ್ಧಿಮತ್ತೆಯಿಂದ ಬರೆಸಿಕೊಳ್ಳುವವರೂ ಇದ್ದಾರೆ. ಇಂಗ್ಲಿಷ್ ತಿದ್ದಿಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಆ ಬಸ್ಸು ಮಗುಚಿದ್ದು ಅದಕ್ಕೆ ಗೊತ್ತಿಲ್ಲ.

ಹೆಸರಿನ ವಿಷಯದಲ್ಲಿ ನಮ್ಮ ಮನೆಗಳ ತೊಡಕು ಸಣ್ಣದಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮುಹಮ್ಮದ್, ಪಾಸ್‌ಪೋರ್ಟ್‌ನಲ್ಲಿ ಮೊಹಮ್ಮದ್ ಎಂಬುದರ ಮೊಟಕು ರೂಪ. ಹೆಣ್ಣುಮಕ್ಕಳ ಪಾಸ್‌ಪೋರ್ಟ್‌ನಲ್ಲಿ ಎಷ್ಟೋ ಸಲ ಒಂದೇ ಒಂದು ಹೆಸರು, ಉಪನಾಮದ ಜಾಗ ಖಾಲಿ. 2022ರ ನವೆಂಬರಿನಲ್ಲಿ ಯುಎಇಯು ಸಂದರ್ಶನ ಮತ್ತು ಪ್ರವಾಸಿ ವೀಸಾದಲ್ಲಿ ಬರುವವರ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಪ್ರವೇಶವಿಲ್ಲವೆಂದಾಗ ಎಷ್ಟು ಕುಟುಂಬಗಳು ಗಾಬರಿಯಾದವು ಎಂಬುದು ನಿಮಗೆ ಗೊತ್ತಿದೆ. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಅಕ್ಷರವೂ ಬದಲಾಗದಂತೆ ರೆಸ್ಯೂಮ್‌ನಲ್ಲೂ ಹಾಗೆಯೇ ಇರಲಿ. ಉಳಿದ ದಾಖಲೆಗಳ ತಿದ್ದುಪಡಿಯನ್ನು ಇಂದೇ ಆರಂಭಿಸಿ, ಸಂದರ್ಶನದ ಕರೆ ಬಂದ ಮೇಲೆ ಓಡಾಡಿ ಪ್ರಯೋಜನವಿಲ್ಲ.

ಭಾಷೆಗಳ ವಿಷಯದಲ್ಲಂತೂ ನಮಗೆ ನಿಜವಾಗಿಯೂ ಬೇಸರವಿದೆ. ನಾಲ್ಕೂ ರೆಸ್ಯೂಮ್‌ಗಳಲ್ಲಿ ಇದ್ದದ್ದು ಇಂಗ್ಲಿಷ್, ಹಿಂದಿ, ಕನ್ನಡ ಮಾತ್ರ. ಬ್ಯಾರಿ ಇಲ್ಲ, ತುಳು ಇಲ್ಲ, ಉರ್ದು ಇಲ್ಲ, ಮಲಯಾಳ ಇಲ್ಲ. ಯಾಕೆಂದು ಕೇಳಿದರೆ ನಗು. ಮಗನನ್ನು ನೋಡಲು ಮೊದಲ ಬಾರಿಗೆ ದುಬೈಗೆ ಹೊರಟ ಅಜ್ಜಿಯನ್ನು ಊಹಿಸಿಕೊಳ್ಳಿ. ಬೆಲ್ಟ್ ಕಟ್ಟಲು ಬಾರದು, ಹಿಂದಿ ಗೊತ್ತಿಲ್ಲ, ಎದೆ ಹಿಡಿದಂತಾಗುತ್ತಿದೆ ಎಂದು ಆಕೆ ಬ್ಯಾರಿಯಲ್ಲಿ ಹೇಳುತ್ತಾಳೆ. ಆ ವಿಮಾನದಲ್ಲಿ ಅದು ಅರ್ಥವಾಗುವ ಒಬ್ಬಳಿದ್ದರೆ ಅದು ನಗುವ ವಿಷಯವೇ? ಹಾಗೆಯೇ ಹೊಳೆಯಲ್ಲಿ ಈಜು ಕಲಿತವನು ಈಜು ಬರುತ್ತದೆಂದು ಬರೆಯಲಿ. ಮದ್ರಸದಲ್ಲಿ ಅರಬಿ ಕಲಿತವರು ಓದಲು ಬರುತ್ತದೆ, ಮಾತನಾಡಲು ಬರುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆಯೇ ಬರೆಯಲಿ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಾವು ಮದ್ರಸದಲ್ಲಿ ಕಲಿತು ಆಮೇಲೆ ಬಿ.ಎ. ಮಾಡಿದವರು. ಮೊದಲ ಕೆಲಸಕ್ಕೆ ಅರ್ಜಿ ಹಾಕುವಾಗ ನಾಚಿಕೆಪಟ್ಟು ಮದ್ರಸದ ವರ್ಷಗಳನ್ನೇ ಕೈಬಿಟ್ಟಿದ್ದೆವು. ಸಂದರ್ಶನ ನಡೆಸಿದ ಸಂಪಾದಕರು ಕಾಗದವನ್ನು ತಿರುಗಿಸಿ ನೋಡಿ, "ಏಳು ವರ್ಷ ಎಲ್ಲಿ ಮಾಯವಾಗಿದ್ದಿರಿ?" ಎಂದರು. ಬೆವರಿದೆವು. ಕಲಿತದ್ದನ್ನು ಮುಚ್ಚಿಟ್ಟರೆ ಅದು ಕಲಿಯದ ಜಾಗದಂತೆ ಕಾಣುತ್ತದೆಂದು ಅಂದು ತಿಳಿಯಿತು.

ಮುಚ್ಚಿಡುವುದು ಒಂದು ರೋಗವಾದರೆ ಹುಟ್ಟಿಸಿ ಬರೆಯುವುದು ಇನ್ನೊಂದು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿತು, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ. ಮುಚ್ಚಿದ ಸಂಸ್ಥೆಯ ಹೆಸರು ಹಾಕಿದರೆ ವಿಚಾರಿಸುವವರು ಯಾರು ಎಂಬ ಉಪದೇಶ ಕೊಡುವವರಿದ್ದಾರೆ. ವಿಮಾನ ನಿಲ್ದಾಣದ ಪ್ರವೇಶ ಪತ್ರ ಸಿಗಬೇಕಾದರೆ ಪೂರ್ವಾಪರ ಪರಿಶೀಲನೆ ಆಗಲೇಬೇಕು. ಒಂದು ಸುಳ್ಳು ಅಲ್ಲಿ ಸಿಕ್ಕಿಬಿದ್ದರೆ ನೌಕರಿಯೂ ಇಲ್ಲ, ಇನ್ನೊಂದು ಕಡೆ ಹೋಗುವ ಮುಖವೂ ಇಲ್ಲ.

ಈಗ ಮುಂದಿನ ಸಾಲಿನ ಹಿರಿಯರ ಪ್ರಶ್ನೆ. ಉಡುಪೇನು, ಮದ್ಯ ಕೊಡಬೇಕಾಗುತ್ತದೆಯೇ, ಮದುವೆಯಾದ ಮೇಲೆ ಏನು ಗತಿ? ನ್ಯಾಯವಾದ ಪ್ರಶ್ನೆಗಳೇ. ಒಂದೊಂದು ಸಂಸ್ಥೆಯ ಷರತ್ತು ಒಂದೊಂದು ಬಗೆ. ಭಾರತದೊಳಗಿನ ಹಾರಾಟಗಳಲ್ಲಿ ಮದ್ಯ ನೀಡುವುದಿಲ್ಲ, ಸೌದಿಯಾ ಮತ್ತು ಕುವೈತ್ ಏರ್‌ವೇಸ್‌ನಲ್ಲೂ ಇಲ್ಲ, ಇತರ ಅನೇಕ ಸಂಸ್ಥೆಗಳ ಅಂತಾರಾಷ್ಟ್ರೀಯ ಹಾರಾಟಗಳಲ್ಲಿ ಇದೆ. ಈಜಿಪ್ಟ್ ಏರ್ 2012ರಲ್ಲಿ ಸಿಬ್ಬಂದಿಗೆ ತಲೆವಸ್ತ್ರ ಧರಿಸಲು ಅವಕಾಶ ಕೊಟ್ಟಿತು. ಅನೇಕ ಕಡೆ ಅದಿಲ್ಲ. ಅರ್ಜಿ ಕಳುಹಿಸುವ ಮೊದಲು ಮನೆಯವರೆಲ್ಲ ಕೂಡಿ ಷರತ್ತುಗಳನ್ನು ಓದಿ, ಒಪ್ಪುವುದಾದರೆ ಮಾತ್ರ ಮುಂದುವರಿಯಿರಿ. ಮದುವೆಯ ಮಾತಿಗೆ ಬಂದರೆ, ಒಂದು ಕಾಲದಲ್ಲಿ ಏರ್ ಇಂಡಿಯಾದ ಗಗನಸಖಿಯು ಸೇವೆಗೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಅಥವಾ ಮೊದಲ ಬಾರಿ ಗರ್ಭಿಣಿಯಾದರೆ ಕೆಲಸ ಬಿಡಬೇಕಿತ್ತು. ನರ್ಗೀಶ್ ಮಿರ್ಜಾ ಮತ್ತು ಸಂಗಾತಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಸುಪ್ರೀಂ ಕೋರ್ಟ್ 1981ರಲ್ಲಿ ಗರ್ಭಿಣಿಯನ್ನು ಮನೆಗೆ ಕಳುಹಿಸುವ ನಿಯಮವನ್ನು ರದ್ದುಪಡಿಸಿತು, ನಾಲ್ಕು ವರ್ಷದ ನಿಯಮವನ್ನು ಮಾತ್ರ ಎತ್ತಿಹಿಡಿಯಿತು. ಅರ್ಥಾತ್, ಸಿಕ್ಕಿದ ಹಕ್ಕೂ ಅರ್ಧವೇ. ಹಾಗೆಂದು ಮಗಳ ಅರ್ಜಿಯನ್ನು ಓದದೆಯೇ ಹರಿಯುವ ತಂದೆಯನ್ನು ನಾವು ಒಪ್ಪುವುದಿಲ್ಲ. ಆಕೆ ಏನು ಬರೆದಿದ್ದಾಳೆಂದು ಮೊದಲು ಓದಿ.

ಆಸ್ಪತ್ರೆಯ ಆ ಹುಡುಗಿಯ ಸುದ್ದಿ ಕೇಳುವಿರಿ. ಮೂರು ಪುಟ ಒಂದಾಯಿತು. ಮೊದಲು ಕರೆದ ಸಂಸ್ಥೆಯ ಗುಂಪು ಚರ್ಚೆಯಲ್ಲೇ ಆಕೆ ಹೊರಬಿದ್ದಳು, ಇಂಗ್ಲಿಷ್ ತಡವರಿಸಿತು. ಎರಡನೆಯ ಕಡೆ ಸಂದರ್ಶಕಿಯು ಆಸ್ಪತ್ರೆಯ ಸಾಲಿನ ಮೇಲೆ ಬೆರಳಿಟ್ಟು, ಆ ಸಂಜೆಯ ಬಗ್ಗೆ ಹೇಳು ಎಂದರಂತೆ. ಈ ಬಾರಿ ತಡವರಿಸಲಿಲ್ಲ ಎಂದಳು. ಫಲಿತಾಂಶ ಇನ್ನೂ ಬಂದಿಲ್ಲ. ಆಕೆಯ ತಂದೆ ಒಮ್ಮೆ ನಮಗೆ ಫೋನ್ ಮಾಡಿದ್ದರು, ಬೈಯಲೆಂದು ಭಾವಿಸಿದ್ದೆವು. ಬಸ್ಸು ಮಗುಚಿದ ದಿನ ಮಗಳು ತಡವಾಗಿ ಬಂದದ್ದಕ್ಕೆ ತಾನು ಗದರಿದ್ದೆನೆಂದೂ, ಕಾರಣ ಈ ಕಾಗದ ಓದಿದ ಮೇಲೆ ಗೊತ್ತಾಯಿತೆಂದೂ ಹೇಳಿ ಇಟ್ಟುಬಿಟ್ಟರು.

ಚಹಾದ ಬಳಿಕ ಬಾಗಿಲ ಬಳಿಯ ಮೇಜಿನಲ್ಲಿ ನಾವಿರುತ್ತೇವೆ. ರೆಸ್ಯೂಮ್ ತಂದವರು ಪಾಸ್‌ಪೋರ್ಟ್‌ನ ನಕಲನ್ನೂ ಹಿಡಿದುಕೊಂಡು ಬನ್ನಿ. ಹೆಸರಿನಿಂದಲೇ ಆರಂಭಿಸೋಣ.