ದಫ್ತರದಲ್ಲಿ ಇಲ್ಲದ ಪದಕ

(ರಾಜಾಜಿನಗರದಲ್ಲಿ ಸೇರಿದ್ದ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ಬಾಡಿಗೆ, ತೆರಿಗೆ ಎಂಬ ಮಾತುಗಳನ್ನು ಈ ವೇದಿಕೆಯಿಂದ ಕೇಳಿ ಅಭ್ಯಾಸವಾಗಿರುವ ತಮಗೆ, ನಾವು ಈ ದಿನ ಸಿಪಾಯಿಯ ಪದಕದ ವಿಷಯ ಎತ್ತಿಕೊಂಡದ್ದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಆದರೆ ಸಿಪಾಯಿ ಎಂದರೆ ಯಾರು? ವಿಜಯನಗರದ ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಂತಿರುವವನು ಅವನೇ. ಕಾರ್ಖಾನೆಯ ಗೇಟಿನಲ್ಲಿ ರಾತ್ರಿ ಪಾಳಿ ಕಾಯುವವನೂ ಅವನೇ. ಕೆಂಗೇರಿಯ ಆಚೆಯ ಹಳ್ಳಿಯಲ್ಲಿ ಎರಡೆಕರೆ ರಾಗಿ ಹೊಲವನ್ನು ಅಣ್ಣತಮ್ಮಂದಿರಿಗೆ ಬಿಟ್ಟು, ಹದಿನೆಂಟರ ವಯಸ್ಸಿಗೆ ಸೈನ್ಯಕ್ಕೆ ಸೇರಿ, ನಲವತ್ತಕ್ಕೆಲ್ಲ ಮನೆಗೆ ಬಂದವನು. ನಮ್ಮ ಮನೆಯ ಮಗನೇ ಆತ. ಆತನ ಹಕ್ಕಿನ ಮಾತು ನಮ್ಮ ಮಾತಲ್ಲವೆಂದು ಹೇಳಲು ಬರುವುದಿಲ್ಲ.

ಇಂಥ ಒಬ್ಬ ಮುದುಕ ಕಛೇರಿಗೆ ಹೋಗಿ, “ಸ್ವಾಮಿ, ನನಗೆ ಯುದ್ಧದಲ್ಲಿ ಪದಕ ಬಂದಿತ್ತು. ನನ್ನ ಪುಸ್ತಕದಲ್ಲಿ ಅದನ್ನು ಬರೆದಿಲ್ಲ,” ಎನ್ನುತ್ತಾನೆಂದು ಇಟ್ಟುಕೊಳ್ಳಿ. ಗುಮಾಸ್ತರು ರಿಜಿಸ್ಟರು ತಿರುವಿ ಹಾಕಿ, “ದಾಖಲೆಯಲ್ಲಿ ಇಲ್ಲ,” ಎನ್ನುತ್ತಾರೆ. ಎರಡೇ ಮಾತು. ಈ ಎರಡು ಮಾತಿನ ಅರ್ಥವೇನು ಎಂಬುದೇ ಈ ದಿನದ ನಮ್ಮ ಪ್ರಶ್ನೆ. ದಾಖಲೆಯಲ್ಲಿ ಇಲ್ಲವೆಂದರೆ ಆ ಕೆಲಸವೇ ನಡೆಯಲಿಲ್ಲವೆಂದು ಅರ್ಥವೋ, ಅಥವಾ ಬರೆಯಬೇಕಾದವರು ಬರೆಯಲಿಲ್ಲವೆಂದು ಅರ್ಥವೋ?

ಮೊದಲು ಪದಕ ಹೇಗೆ ಬರುತ್ತದೆ ಎಂಬುದನ್ನು ತಿಳಿಯೋಣ. ಸ್ವತಂತ್ರ ಭಾರತದ ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳು 1950ರ ಜನವರಿ 26ರಂದು ಸ್ಥಾಪಿತವಾದವು. 1947ರ ಆಗಸ್ಟ್ 15ರಿಂದಲೇ ಅವು ಅನ್ವಯವಾಗುವಂತೆ ಮಾಡಲಾಯಿತು. ಶೌರ್ಯದ ಕೆಲಸ ನಡೆದರೆ ಅದನ್ನು ಕಂಡವರು ಹೇಳಬೇಕು. ಮೇಲಿನ ಅಧಿಕಾರಿ ಶಿಫಾರಸು ಬರೆಯಬೇಕು. ಅದು ಮೆಟ್ಟಿಲು ಮೆಟ್ಟಿಲಾಗಿ ದೆಹಲಿಗೆ ಹೋಗಿ, ರಾಷ್ಟ್ರಪತಿಗಳ ಒಪ್ಪಿಗೆಯಾಗಿ, ಗೆಜೆಟ್ಟಿನಲ್ಲಿ ಅಚ್ಚಾಗಬೇಕು. ಅಲ್ಲಿಂದ ಸಿಪಾಯಿಯ ಸೇವಾ ಪುಸ್ತಕಕ್ಕೆ ಇಳಿಯಬೇಕು. ಪಿಂಚಣಿಯ ಕಾಗದಕ್ಕೆ ಸೇರಿದ ಮೇಲೆಯೇ ಪದಕದ ತಿಂಗಳ ಭತ್ಯೆ ಕೈಗೆ ಬರುವುದು. ಆತ ತೀರಿಕೊಂಡ ಮೇಲೆ ಅದು ವಿಧವೆಗೂ ಸಲ್ಲುತ್ತದೆ. ಆದಕಾರಣ ಇದು ಬರಿಯ ಎದೆಯ ಮೇಲಿನ ಅಲಂಕಾರವಲ್ಲ, ಒಲೆಯ ಮೇಲಿನ ಅನ್ನವೂ ಹೌದು.

ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೆ ಸಾಕು. ಕಂಡವರು ಸತ್ತಿದ್ದರೆ ಶಿಫಾರಸಿಲ್ಲ. ಶಿಫಾರಸು ಬರೆದ ಅಧಿಕಾರಿ ಮಾರನೆಯ ದಿನವೇ ಗುಂಡಿಗೆ ಬಿದ್ದರೆ ಕಾಗದ ಮುಂದೆ ಹೋಗುವುದಿಲ್ಲ. ಎಲ್ಲ ಸರಿಯಾದರೂ ಹೆಸರು ತಪ್ಪಿದರೆ ಮುಗಿಯಿತು. ನಮ್ಮ ಹೆಸರುಗಳ ಪಾಡು ತಮಗೆ ಗೊತ್ತು. ಊರಿನ ಹೆಸರು ಮೊದಲಕ್ಷರ, ತಂದೆಯ ಹೆಸರು ಎರಡನೆಯ ಅಕ್ಷರ. ಇಂಗ್ಲಿಷಿನಲ್ಲಿ ಬರೆಯುವ ಗುಮಾಸ್ತರ ಕೈಯಲ್ಲಿ ವೆಂಕಟಪ್ಪನು ವೆಂಕಟಯ್ಯನಾಗುತ್ತಾನೆ. ರೇಷನ್ ಕಾರ್ಡಿನಲ್ಲಿ ಇದನ್ನು ಅನುಭವಿಸದ ಮನೆ ನಮ್ಮ ಬಡಾವಣೆಯಲ್ಲಿ ಇದೆಯೇ?

ದಾಖಲೆ ಸುಮ್ಮನಿದ್ದರೂ ಸತ್ಯ ಬದುಕಿರುತ್ತದೆ ಎಂಬುದಕ್ಕೆ ನಮ್ಮ ಕನ್ನಡ ನಾಡಿನದೇ ಒಂದು ದೊಡ್ಡ ನಿದರ್ಶನವಿದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರದು ಅದು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಭಾರತದ ವಾಯುದಳದ ಒಂದನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಂಜಾಬಿನ ಆದಂಪುರದಿಂದ ಹೊರಟು, ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿ ಮಾಡಿದವು. ವಿಂಗ್ ಕಮಾಂಡರ್ ತನೇಜಾ ಅದರ ನಾಯಕರು. ಹೋಗಬೇಕಾದವು ಹನ್ನೆರಡು ವಿಮಾನ. ದೇವಯ್ಯನವರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾವುದಾದರೂ ವಿಮಾನ ಹಿಂದುಳಿದರೆ ಆ ಜಾಗಕ್ಕೆ ಹೋಗಬೇಕಾದ ಬದಲಿಯವರಾಗಿದ್ದರು. ಜಾಗ ತೆರವಾಯಿತು, ಹೋದರು. ದಾಳಿ ಮುಗಿಸಿ ಎಲ್ಲರೂ ಹಿಂತಿರುಗಿದರು. ದೇವಯ್ಯ ಬರಲಿಲ್ಲ.

ಏನಾಯಿತೆಂದು ಇಲ್ಲಿ ಯಾರಿಗೂ ತಿಳಿಯದು. ಸಂಗಡಿಗರು ಕಂಡಿರಲಿಲ್ಲ, ರೇಡಿಯೋದಲ್ಲಿ ಮಾತು ಬಂದಿರಲಿಲ್ಲ. ದಫ್ತರದಲ್ಲಿ “ಕಾಣೆಯಾದವರು” ಎಂದು ಬರೆದುಕೊಂಡರು. ಮನೆಯಲ್ಲಿ ಹೆಂಡತಿ ಮಕ್ಕಳು ಆ ಒಂದು ಮಾತನ್ನು ಹಿಡಿದುಕೊಂಡು ವರ್ಷಗಳನ್ನು ಕಳೆದರು.

ಹದಿನಾಲ್ಕು ವರ್ಷಗಳಾದ ಮೇಲೆ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕನು 1965ರ ವಾಯುಯುದ್ಧದ ಪುಸ್ತಕವನ್ನು ಹೊರತಂದನು. ಅದು ಪಾಕಿಸ್ತಾನದ ಕಡೆಯ ಮಾಹಿತಿಯಿಂದ ಬರೆದದ್ದು. ಆ ದಿನ ಸರ್ಗೋಧಾದ ಬಳಿ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಪೈಲಟ್ಟು ತನ್ನ ಸ್ಟಾರ್‌ಫೈಟರ್ ವಿಮಾನದಲ್ಲಿ ಒಂದು ಮಿಸ್ಟೇರನ್ನು ಬೆನ್ನಟ್ಟಿದನೆಂದೂ, ಏಟು ತಿಂದ ಆ ಮಿಸ್ಟೇರು ಓಡದೆ ತಿರುಗಿ ಬಿದ್ದಿತೆಂದೂ, ಕೊನೆಗೆ ಸ್ಟಾರ್‌ಫೈಟರೂ ನೆಲಕ್ಕುರುಳಿ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದನೆಂದೂ ಅದರಿಂದ ಹೊರಬಿತ್ತು. ಸ್ಟಾರ್‌ಫೈಟರ್ ಎಂದರೆ ಶಬ್ದದ ವೇಗಕ್ಕೆ ಎರಡರಷ್ಟು ಹಾರಬಲ್ಲ ಅಮೆರಿಕದ ಹೊಸ ಯಂತ್ರ. ಮಿಸ್ಟೇರು ಅದರ ಮುಂದೆ ಹಳೆಯ ಎತ್ತಿನ ಗಾಡಿ. ಅಂಥದರಲ್ಲಿ ಕುಳಿತು, ಓಡಿಹೋಗಲು ದಾರಿಯಿಲ್ಲದಾಗ, ತಿರುಗಿ ನಿಂತವರು ಯಾರು? ಆ ತಂಡದಿಂದ ಹಿಂತಿರುಗದಿದ್ದ ವಿಮಾನ ಒಂದೇ. ಲೆಕ್ಕ ತಾಳೆ ಹಾಕಿದರೆ ಉಳಿಯುವ ಹೆಸರೂ ಒಂದೇ.

ಅಷ್ಟು ಗೊತ್ತಾದ ಮೇಲೂ ಕಾಗದಗಳು ತಾವಾಗಿ ನಡೆಯಲಿಲ್ಲ. ಸಂಗಡಿಗರು ಬಾಯಿ ತೆರೆದು ಕೇಳಬೇಕಾಯಿತು. ಕಡೆಗೆ 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂದಿತು. ಕೆಲಸ ನಡೆದು ಇಪ್ಪತ್ತಮೂರು ವರ್ಷಗಳಾಗಿದ್ದವು. ಅವರ ಹೆಂಡತಿ ಅದನ್ನು ಸ್ವೀಕರಿಸಿದರು.

ಬಂಧುಗಳೇ, ಇದರಿಂದ ನಾವು ಕಲಿಯಬೇಕಾದದ್ದು ಎರಡು ಪಾಠ. ಒಂದು: ಇಪ್ಪತ್ತಮೂರು ವರ್ಷ ದಫ್ತರವು ಸುಳ್ಳು ಹೇಳಲಿಲ್ಲ, ಅದಕ್ಕೆ ಗೊತ್ತಿರಲಿಲ್ಲ, ಅಷ್ಟೆ. ಗೊತ್ತಿಲ್ಲದ್ದಕ್ಕೂ ನಡೆಯದ್ದಕ್ಕೂ ಇರುವ ಅಂತರವನ್ನು ಕಛೇರಿಗಳು ಮರೆಯಬಾರದು. ಎರಡು: ಸಾಕ್ಷ್ಯವು ಸ್ವಂತ ದಫ್ತರದಲ್ಲಿ ಸಿಕ್ಕಲಿಲ್ಲ, ಎದುರಾಳಿಯ ಬಾಯಿಂದ ಬಂತು. ಹುಡುಕುವ ಮನಸ್ಸಿದ್ದರೆ ಎಲ್ಲಿಂದಲೂ ಬರುತ್ತದೆ.

ಆದರೆ ದೇವಯ್ಯನವರು ಅಧಿಕಾರಿ. ಅವರ ಸಂಗಡಿಗರೂ ಅಧಿಕಾರಿಗಳು. ಕಾಗದ ಬರೆಯಬಲ್ಲವರು, ದೆಹಲಿಯ ಬಾಗಿಲು ತಿಳಿದವರು. ಪುಸ್ತಕದಲ್ಲಿ ಹೆಸರು ಬರದ ಸಿಪಾಯಿಯ ಗತಿ ಏನು? ದೆಹಲಿಯಲ್ಲಿ ತೀನ್ ಮೂರ್ತಿ ಎಂಬ ವೃತ್ತವಿದೆ. ಅಲ್ಲಿ ನಿಂತಿರುವ ಮೂರು ಕಂಚಿನ ವಿಗ್ರಹಗಳು ಜೋಧಪುರ, ಮೈಸೂರು, ಹೈದರಾಬಾದುಗಳ ಲ್ಯಾನ್ಸರ್ ದಳಗಳ ನೆನಪಿಗೆ 1922ರಲ್ಲಿ ನಿಲ್ಲಿಸಿದವು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದಲ್ಲಿ, ಮೆಷಿನ್ ಗನ್ನುಗಳ ಎದುರಿಗೆ ಈಟಿ ಕತ್ತಿ ಹಿಡಿದು ಕುದುರೆಯ ಮೇಲೆ ನುಗ್ಗಿದವರಲ್ಲಿ ನಮ್ಮ ಮೈಸೂರಿನ ಸವಾರರೂ ಇದ್ದರು. ನೂರು ವರ್ಷ ತುಂಬುವ ಹೊತ್ತಿಗೆ, 2018ರಲ್ಲಿ, ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಅವರದೊಂದು ಸ್ಮಾರಕವಿದೆ. ಸಂತೋಷ. ಆದರೆ ದೆಹಲಿಯ ವಿಗ್ರಹಗಳಿಗೆ ಹೆಸರಿಲ್ಲ. ಅವು ದಳದ ಗುರುತು. ದಳಕ್ಕೆ ಕಂಚು ಸಿಕ್ಕಿತು. ಅದರಲ್ಲಿದ್ದ ಸವಾರನನ್ನು ಅವನ ಹೆಸರಿನಿಂದ ಎಷ್ಟು ಜನ ಬಲ್ಲರು?

ಇದು ನಮ್ಮ ದೇಶದ ರೋಗ ಮಾತ್ರವೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಪರವಾಗಿ ಹತ್ತು ಲಕ್ಷಕ್ಕೂ ಮಿಕ್ಕಿದ ಕರಿಯ ಜನರು ಸೇವೆ ಮಾಡಿದರು. ಆ ದೇಶದ ಅತ್ಯುಚ್ಚ ಪದಕ ಅವರಲ್ಲಿ ಒಬ್ಬನಿಗೂ ಆಗ ಸಿಕ್ಕಲಿಲ್ಲ. ಅರ್ಧ ಶತಮಾನವಾದ ಮೇಲೆ ಹಳೆಯ ಕಡತಗಳನ್ನು ಮತ್ತೆ ಬಿಚ್ಚಿ ನೋಡಿ, 1997ರಲ್ಲಿ ಏಳು ಜನರಿಗೆ ಕೊಟ್ಟರು. ಅಷ್ಟು ಹೊತ್ತಿಗೆ ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ.

ಅದೇ ದೇಶದ ಇನ್ನೊಂದು ಸಂಗತಿಯನ್ನು ನಮ್ಮ ಅಧಿಕಾರಿಗಳು ಗಮನಿಸಬೇಕು. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಪಟ್ಟಣದ ಸೈನಿಕ ದಾಖಲೆಗಳ ಕಟ್ಟಡಕ್ಕೆ ಬೆಂಕಿ ಬಿದ್ದು, 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಕಡತಗಳು ಸುಟ್ಟುಹೋದವು. ಆಗ ಅಲ್ಲಿನ ಸರ್ಕಾರವು “ನಿಮ್ಮ ಕಡತ ಸುಟ್ಟಿತು, ನೀವು ಸಿಪಾಯಿಗಳೇ ಅಲ್ಲ,” ಎನ್ನಲಿಲ್ಲ. ಸಂಬಳದ ಚೀಟಿ ಮೊದಲಾದ ಬೇರೆ ಕಾಗದಗಳಿಂದ ಸೇವೆಯನ್ನು ಮತ್ತೆ ಕಟ್ಟಿಕೊಡುವ ಏರ್ಪಾಡು ಮಾಡಿತು. ಕಳೆದದ್ದನ್ನು ಕಟ್ಟಿಕೊಡುವುದು ದಾಖಲೆ ಇಟ್ಟುಕೊಂಡವರ ಕರ್ತವ್ಯ.

ಇದನ್ನು ವ್ಯಾಪಾರಿ ಮಿತ್ರರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಖಾತೆಯ ಪುಸ್ತಕ ಮಳೆಗೆ ನೆನೆದು ಹೋಯಿತೆಂದು ಸಾಲ ತೀರಿತೇ? ದಿನವಹಿ ನೋಡುತ್ತೀರಿ, ಬಿಲ್ಲಿನ ಪ್ರತಿ ನೋಡುತ್ತೀರಿ, ಮಂಡಿಯವರ ಲೆಕ್ಕದೊಡನೆ ತಾಳೆ ನೋಡುತ್ತೀರಿ. ಕಾರ್ಮಿಕ ಬಂಧುಗಳಿಗಂತೂ ಇದು ಸ್ವಂತ ನೋವು. ಬಿನ್ನಿ ಮಿಲ್ಲು ನಡೆಯುತ್ತಿದ್ದ ನೆಲದಲ್ಲಿ ಈಗ ಮನೆಗಳ ಗೋಪುರಗಳು ಎದ್ದಿವೆ. ಯಾವ ಮಿಲ್ಲೇ ಆಗಲಿ, ಮುಚ್ಚಿದ ಮೇಲೆ ಅದರ ಹಾಜರಿ ಪುಸ್ತಕವನ್ನು ಕಾಯುವವರು ಯಾರು? ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತವನ ಸೇವೆಯಲ್ಲಿ ಎಂಟು ವರ್ಷ ಕಾಣದಿದ್ದರೆ, ಆ ಎಂಟು ವರ್ಷ ಆತ ಮನೆಯಲ್ಲಿ ಮಲಗಿದ್ದನೆಂದು ಅರ್ಥವೇ? ಪ್ರಾವಿಡೆಂಟ್ ಫಂಡಿನ ಕಿಟಕಿಯಲ್ಲಿ ಆತನಿಗೆ ಹೇಳುವುದೂ ಅದೇ ಎರಡು ಮಾತು.

ಇನ್ನೊಂದು ಪಕ್ಕವನ್ನೂ ನ್ಯಾಯವಾಗಿ ನೋಡೋಣ. ಪದಕ ಅಂಗಡಿಯಲ್ಲಿಯೂ ಸಿಕ್ಕುತ್ತದೆ. ಕೊಂಡು ಎದೆಗೆ ಸಿಕ್ಕಿಸಿಕೊಂಡು ಮೆರೆಯುವವರೂ ಲೋಕದಲ್ಲಿ ಇದ್ದಾರೆ. ಆದ್ದರಿಂದ ಬಾಯಿಮಾತಿಗೇ ಹಣ ಕೊಡಿರೆಂದು ನಾವು ಕೇಳುವುದಿಲ್ಲ. ವಿಚಾರಣೆ ನಡೆಯಲಿ, ಕಠಿಣವಾಗಿಯೇ ನಡೆಯಲಿ. ನಿಜವಾದ ಸಿಪಾಯಿಗೆ ಅದರ ಭಯವಿಲ್ಲ. ವಿಚಾರಣೆಯನ್ನೇ ಮಾಡದೆ ರಿಜಿಸ್ಟರು ಮುಚ್ಚುವುದಕ್ಕೆ ನಮ್ಮ ಆಕ್ಷೇಪಣೆ.

ಹಾಗಾದರೆ ಮಾಡಬೇಕಾದದ್ದೇನು? ತಮ್ಮ ಬೀದಿಯಲ್ಲಿ ಇಂಥವರಿದ್ದರೆ ಮೊದಲು ಅವರ ಪೆಟ್ಟಿಗೆ ತೆರೆಸಿ. ಡಿಸ್ಚಾರ್ಜ್ ಪುಸ್ತಕ, ಹಳೆಯ ಪತ್ರ, ಪಟಾಲಮ್ಮಿನ ಫೋಟೋ ಯಾವುದನ್ನೂ ರದ್ದಿಗೆ ಹಾಕಗೊಡಬೇಡಿ. ಪದಕದ ಅಂಚಿನಲ್ಲಿ ಹೆಸರು ನಂಬರು ಕೆತ್ತಿದೆಯೇ ನೋಡಿ. ಜೊತೆಯಲ್ಲಿ ಇದ್ದವರು ಬದುಕಿರುವಾಗಲೇ ಅವರಿಂದ ಬರೆಸಿಕೊಳ್ಳಿ, ಸಾಕ್ಷಿಗಳಿಗೂ ವಯಸ್ಸಾಗುತ್ತದೆ. ಆಮೇಲೆ ಆ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಿರಿ, ಸೈನಿಕ ಕಲ್ಯಾಣ ಇಲಾಖೆಗೂ ಒಂದು ಪ್ರತಿ ಕಳಿಸಿ. ಪದಕ ಘೋಷಣೆಯಾಗಿದ್ದರೆ ಗೆಜೆಟ್ಟಿನಲ್ಲಿ ಇರಲೇಬೇಕು; ಆ ವರ್ಷದ ಸಂಪುಟವನ್ನು ಹುಡುಕಿಸಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ. ಉತ್ತರವು ಅನ್ಯಾಯದ್ದಾದರೆ, ಸೈನಿಕರ ತಕರಾರುಗಳಿಗೆಂದೇ 2007ರ ಕಾಯಿದೆಯಂತೆ ಆದ ನ್ಯಾಯಮಂಡಲಿಯಿದೆ. ಅರ್ಜಿ ಬರೆಯಲು ಬಾರದವರಿಗೆ ನಮ್ಮ ಸಂಘದ ಹುಡುಗರು ಬರೆದುಕೊಡಲಿ. ಒಂದು ಸಂಜೆಯ ಕೆಲಸ.

ಸರ್ಕಾರಕ್ಕೆ ನಮ್ಮ ಒತ್ತಾಯವೂ ಸರಳವಾದದ್ದು. “ದಾಖಲೆಯಲ್ಲಿ ಇಲ್ಲ” ಎಂದು ಹೇಳುವ ಕಛೇರಿಯು, ಯಾವ ಯಾವ ದಾಖಲೆಗಳನ್ನು ಯಾವ ತಾರೀಖಿನಂದು ನೋಡಿದೆವು ಎಂಬುದನ್ನು ಬರೆದು ಸಹಿ ಮಾಡಿ ಕೊಡಬೇಕು. ಎಪ್ಪತ್ತೈದು ವರ್ಷದ ಮುದುಕನನ್ನು ಮೇಜಿನಿಂದ ಮೇಜಿಗೆ ಅಲೆಸುವ ಬದಲು, ಕಡತವೇ ಮೇಜಿನಿಂದ ಮೇಜಿಗೆ ಹೋಗಬೇಕು. ಆತನ ಕಾಲಿನಲ್ಲಿ ಈಗ ಶಕ್ತಿಯಿಲ್ಲ. ಇದ್ದ ಶಕ್ತಿಯನ್ನು ಗಡಿಯಲ್ಲಿ ಕೊಟ್ಟು ಬಂದಿದ್ದಾನೆ.

ದೇವಯ್ಯನವರ ವಿಷಯದಲ್ಲಿ ಸತ್ಯವು ಇಪ್ಪತ್ತಮೂರು ವರ್ಷ ನಡೆದು ಬಂದಿತು; ಅಷ್ಟರಲ್ಲಿ ಪದಕವನ್ನು ಎದೆಗೆ ಇಟ್ಟುಕೊಳ್ಳಲು ಅವರೇ ಇರಲಿಲ್ಲ. ಬದುಕಿರುವವರ ವಿಷಯದಲ್ಲಿ ಅಷ್ಟು ತಡವಾಗದಿರಲಿ. ಪಟ್ಟಿ ಮಾಡುವ ಕೆಲಸವನ್ನು ಬರುವ ಭಾನುವಾರ ಬಸವೇಶ್ವರನಗರದಿಂದ ಆರಂಭಿಸೋಣ ಎಂದು ಕೋರಿ, ನಮ್ಮ ಮಾತು ಮುಗಿಸುತ್ತೇವೆ.